ಬೆಳಕು ಯಾವ ಕಡೆಯಿಂದ ಬಂತು

ಸುಧಾ, ಕಣ್ಣು ಪರೀಕ್ಷೆ ಮಾಡುವ ಕೋರ್ಸಿಗೆ ಸೇರಿದ ಮೊದಲ ವಾರ ನೀನು ಪುಸ್ತಕ ಹಿಡಿದುಕೊಂಡು ಬಂದು, "ಅಜ್ಜಿ, ಗ್ಲಿಮರ್ ಅಂದ್ರೆ ಏನು ಹೇಳು ನೋಡೋಣ" ಎಂದೆ. ತಮಾಷೆಗೆ ಕೇಳಿದ್ದೆಂದು ನನಗೆ ಗೊತ್ತು. ನಾಲ್ಕನೇ ಕ್ಲಾಸು ಓದಿದ ಅಜ್ಜಿಗೆ ಎಲ್ಲಿಯ ಇಂಗ್ಲಿಷು? "ಅದೆಯೋ ಇಲ್ವೋ ಅನ್ನಂಗಿರೋ ಬೆಳಕು ಕಣವ್ವ" ಎಂದೆ. ನೀನು ನಿಘಂಟು ತೆಗೆದು ನೋಡಿದರೆ ಅಲ್ಲೂ ಅದೇ ಇತ್ತು. ಆಮೇಲೆ ನಿನ್ನ ತಮ್ಮಂದಿರೂ ಸೇರಿಕೊಂಡು, ಅಜ್ಜಿ ಕಣ್ಣಾಸ್ಪತ್ರೆಯಲ್ಲಿ ಏನು ಕೆಲಸ ಮಾಡುತ್ತಿದ್ದಳು ಎಂದು ಪೀಡಿಸತೊಡಗಿದಿರಿ. ಎದುರಿಗೆ ಕುಳಿತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಬಾಯಿ ಬಿಡುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ.

ನನ್ನ ಕೆಲಸಕ್ಕೆ ಆಯಾ ಎಂದು ಹೆಸರು. ಮಾಡುತ್ತಿದ್ದುದು ಒಂದೇ ಮುಖ್ಯ ಕೆಲಸ: ಟಾರ್ಚು ಹಿಡಿಯುವುದು.

ಅದು ಸಿಕ್ಕಿದ್ದು ಹೀಗೆ. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ನಿಮ್ಮಪ್ಪನನ್ನು ಎತ್ತಿಕೊಂಡು ಗಂಜಾಂನ ನಮ್ಮವ್ವನ ಮನೆಗೆ ಬಂದಿದ್ದೆ. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ. ಮೈಸೂರಿನ ಒಂದು ಆಸ್ಪತ್ರೆಯವರು ಶ್ರೀರಂಗಪಟ್ಟಣದ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪು ಹಾಕಿದ್ದಾರೆಂದು ಸುದ್ದಿ ಬಂತು. ಬೇಸಿಗೆ ರಜ. ಬೆಂಚುಗಳನ್ನೆಲ್ಲ ಹೊರಗೆ ಪೇರಿಸಿ, ಕ್ಲಾಸಿನ ಕಿಟಕಿಗಳಿಗೆ ಕಂಬಳಿ ಹೊದಿಸಿ, ಹಗಲಲ್ಲೇ ಕತ್ತಲೆ ಮಾಡಿದ್ದರು. ಅವ್ವನನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಮೇಲಿಂದ, ಕೆಳಗಿಂದ, ಎಡದಿಂದ, ಬಲದಿಂದ ಟಾರ್ಚು ತೋರಿಸುವುದು. "ಬೆಳಕು ಯಾವ ಕಡೆಯಿಂದ ಬಂತು?" ಎಂದು ಡಾಕ್ಟರು ಕೇಳುವುದು.

ಪೊರೆ ಎಷ್ಟೇ ದಪ್ಪಗಿರಲಿ, ಹಿಂದಿನ ನರ ಚೆನ್ನಾಗಿದ್ದರೆ ಬೆಳಕು ಬಂದದ್ದು ಗೊತ್ತಾಗುತ್ತದೆ. ಯಾವ ಕಡೆಯಿಂದ ಎಂದೂ ಗೊತ್ತಾಗುತ್ತದೆ. ಅಂಥ ಕಣ್ಣಿಗೆ ಆಪರೇಷನ್ ಮಾಡಿದರೆ ನೋಟ ಬರುತ್ತದೆ. ಅಷ್ಟೂ ಗೊತ್ತಾಗದಿದ್ದರೆ ಕೊಯ್ದು ಪ್ರಯೋಜನವಿಲ್ಲ. ನಿಮಗೆ ಈಗ ಇದಕ್ಕೆಲ್ಲ ಮೆಷೀನುಗಳಿವೆ. ಆಗ ಆ ಸ್ಟೂಲಿನ ಮೇಲೆ ಕೂತವರ ಬಾಯಿಂದ ಏನು ಬರುತ್ತದೋ ಅದರ ಮೇಲೆ ಬಹುಮಟ್ಟಿಗೆ ನಿಂತಿತ್ತು.

ಅವ್ವ ಎಲ್ಲವನ್ನೂ ಸರಿಯಾಗಿ ಹೇಳಿದಳು. ಡಾಕ್ಟರಿಗೆ ಸಂತೋಷ. ಎದ್ದು ಬರುವಾಗ ಅವ್ವ ಮೆಲ್ಲಗೆ, "ಎಡ್ಗಣ್ಗೆ ನಿಜ್ವಾಗೂ ಕಾಣ್ತು ಬುದ್ದಿ. ಬಲ್ಗಣ್ಗೆ ಮಾತ್ರ ಬಳೆ ಸದ್ದು ಬಂದ್ ಕಡೆ ಯೋಳ್ದೆ" ಎಂದಳು.

ಟಾರ್ಚು ಹಿಡಿದಿದ್ದ ಪುಟ್ಟಮ್ಮನ ಎರಡೂ ಕೈ ತುಂಬ ಗಾಜಿನ ಬಳೆ. ಅವಳು ಕೈ ಎತ್ತಿದರೆ ಘಲ್ ಎನ್ನುತ್ತಿತ್ತು, ಇಳಿಸಿದರೆ ಘಲ್ ಎನ್ನುತ್ತಿತ್ತು. ಅಷ್ಟು ದಿನ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಡಾಕ್ಟರು ಸುತ್ತ ನೋಡಿದರು. ಬಾಗಿಲ ಹಿಂದೆ ಸೆರಗು ಎಳೆದುಕೊಂಡು ನಿಂತಿದ್ದ ನನ್ನ ಕೈಯನ್ನು ನೋಡಿದರು. ಗಂಡ ಸತ್ತ ಮೇಲೆ ಬೋಳಾದ ಆ ಕೈಯನ್ನು ನಾನು ಮದುವೆ ಮನೆ, ನಾಮಕರಣದ ಮನೆ ಎಲ್ಲ ಕಡೆ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದೆ. "ಬಾಮ್ಮ ಇಲ್ಲಿ, ಈ ಟಾರ್ಚು ಹಿಡಿ" ಎಂದರು. ಹಿಡಿದೆ. ಅವರು ಹತ್ತಿಸಿಯೇ ಕೊಟ್ಟಿದ್ದ ಟಾರ್ಚನ್ನು ಅವ್ವನ ಬಲಗಣ್ಣಿಗೆ ಮತ್ತೆ ನಾಲ್ಕು ಕಡೆಯಿಂದ ತೋರಿಸಿದೆ. ಈ ಸಲ ಅವ್ವ ಎರಡು ಕಡೆ ತಪ್ಪಿದಳು. ಎಡಗಣ್ಣಿಗೆ ಆಪರೇಷನ್ ಆಯಿತು, ನೋಟ ಬಂತು. ಮುಂದಿನ ಕ್ಯಾಂಪಿಗೆ ಬರುತ್ತೀಯಾ ಎಂದು ಡಾಕ್ಟರು ನನ್ನನ್ನು ಕೇಳಿದರು. ಅವ್ವನೇ, "ಬತ್ತಾಳೆ ಬುದ್ದಿ" ಎಂದಳು. ಪುಟ್ಟಮ್ಮ ಅಡುಗೆ ಕಡೆಗೆ ಹೋದಳು. ಅವಳಿಗೆ ಅದೇ ಇಷ್ಟವಿತ್ತಂತೆ, ಕತ್ತಲೆ ಕೋಣೆಯಲ್ಲಿ ನಿದ್ದೆ ಬರುತ್ತಿತ್ತಂತೆ.

ನಮ್ಮ ವ್ಯಾನು ಮೈಸೂರಿನಿಂದ ಹೊರಟು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ಸುತ್ತುತ್ತಿತ್ತು. ಡಾಕ್ಟರು, ಗ್ರೇಸಮ್ಮ ಸಿಸ್ಟರು, ಡ್ರೈವರ್ ಕರೀಂ ಸಾಬರು, ಪುಟ್ಟಮ್ಮ, ನಾನು. ಗ್ಲಿಮರ್ ಎನ್ನುವುದು ಡಾಕ್ಟರ ಬಾಯಿಯ ಮಾತು. ಟಾರ್ಚಿನ ಬೆಳಕು ರೋಗಿಗೆ ಗೊತ್ತಾದರೆ ಚೀಟಿಯಲ್ಲಿ ಏನೇನೋ ಅಕ್ಷರ ಬರೆದುಕೊಂಡು, ಬಾಯಲ್ಲಿ ಮಾತ್ರ "ಗ್ಲಿಮರ್ ಇದೆ" ಎನ್ನುತ್ತಿದ್ದರು. ಕೇಳಿ ಕೇಳಿ ನಮಗೆಲ್ಲ ಆ ಮಾತು ಅಂಟಿಕೊಂಡಿತು. ಬೆಳಿಗ್ಗೆ ಪುಟ್ಟಮ್ಮ ಒಲೆಯ ಬೂದಿ ಕೆದಕಿ, "ಗ್ಲಿಮರ್ ಅದೆ, ಊದಿದ್ರೆ ಅತ್ಕತದೆ" ಎನ್ನುತ್ತಿದ್ದಳು. ಕರೀಂ ಸಾಬರು ವ್ಯಾನಿನ ಮಂಕಾದ ಒಂದು ಹೆಡ್‌ಲೈಟು ಒರೆಸುತ್ತ, "ಇಸ್ಕೂ ಆಪರೇಷನ್ ಮಾಡಿ ಸಾರ್, ಗ್ಲಿಮರ್ ಐತೆ" ಎನ್ನುತ್ತಿದ್ದರು. ಇಂಗ್ಲಿಷಿನವರು ಕೊಂಚವೇ ಉಳಿದ ಆಸೆಗೂ ಇದೇ ಪದ ಬಳಸುತ್ತಾರೆ ಎಂದು ಡಾಕ್ಟರು ಒಮ್ಮೆ ಹೇಳಿದರು. ನಿನ್ನ ನಿಘಂಟಿನಲ್ಲಿ ಅದನ್ನೂ ಬರೆದಿರಬೇಕು, ನೋಡು.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ನೀನು ಇದೇ ಕೆಲಸಕ್ಕೆ ಹೋಗುವವಳು.

ನಾಗಮಂಗಲದ ಕ್ಯಾಂಪಿಗೆ ದೇವಲಾಪುರದ ಕಡೆಯಿಂದ ಚನ್ನೇಗೌಡ ಎಂಬ ಮುದುಕರು ಬಂದರು. ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ನಾನು ಟಾರ್ಚು ತೋರಿಸಿದಂತೆಲ್ಲ "ಬಂತು, ಮ್ಯಾಲಿಂದ ಬಂತು, ಎಡ್ಗಡೆಯಿಂದ ಬಂತು" ಎಂದು ಒಂದೂ ತಪ್ಪದೆ ಹೇಳಿದರು. ಆಪರೇಷನ್ ಆಯಿತು. ಆಗೆಲ್ಲ ಆಪರೇಷನ್ ಎಂದರೆ ಎರಡೂ ಕಣ್ಣಿಗೆ ಕಟ್ಟು ಹಾಕಿ, ತಲೆಯ ಎರಡು ಪಕ್ಕದಲ್ಲೂ ಮರಳಿನ ಚೀಲ ಇಟ್ಟು, ಅಲುಗಾಡದೆ ಮಲಗಿಸುತ್ತಿದ್ದರು. ಕೆಮ್ಮಬಾರದು, ಸೀನಬಾರದು, ಅಗಿಯಬಾರದು. ಬರೀ ಗಂಜಿ. ಆ ಮುದುಕರು ಒಂದು ದಿನವೂ ಗೊಣಗದೆ ಮಲಗಿದರು. ಕಟ್ಟು ಬಿಚ್ಚಿದಾಗ ಏನೂ ಕಾಣಲಿಲ್ಲ.

"ಗೌಡ್ರೇ, ಅವತ್ತು ಬೆಳಕು ಕಾಣ್ತದೆ ಅಂದ್ರಲ್ಲ?" ಎಂದು ಡಾಕ್ಟರು ಕೇಳಿದರು.

"ಟಕ್ ಅಂತಿತ್ತಲ್ಲ ಬುದ್ದಿ, ಅದೇ ಬೆಳಕು ಅಂದ್ಕಂಡೆ" ಎಂದರು ಅವರು. "ಎಂಗಿರ್ತದೆ ಅನ್ನೋದೆ ಮರ್ತೋಗಿತ್ತು."

ಟಾರ್ಚಿನ ಗುಂಡಿಯ ಸದ್ದು ಅದು. ಬಳೆಯಿಲ್ಲದ ಕೈ ಎಂದು ನನ್ನನ್ನು ಆರಿಸಿದ್ದರು. ನಾನು ಗುಂಡಿಯನ್ನು ಅವರ ಕಿವಿಯ ಪಕ್ಕದಲ್ಲೇ ಟಕ್ ಎನಿಸುತ್ತಿದ್ದೆ. ಅವರು ಸುಳ್ಳು ಹೇಳಿರಲಿಲ್ಲ. ನಾನೇ ಅವರಿಗೆ ಇಲ್ಲದ ಆಸೆ ಹುಟ್ಟಿಸಿ, ಅಷ್ಟು ದಿನ ಮರಳಿನ ಚೀಲಗಳ ನಡುವೆ ಮಲಗಿಸಿದ್ದೆ. ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನಾನು ಅನ್ನ ಮುಟ್ಟಲಿಲ್ಲ.

ಮರುದಿನ ಡಾಕ್ಟರು ತಾವೇ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಬಟ್ಟೆ ಬಿಗಿದುಕೊಂಡು, "ಜಯಮ್ಮ, ಟಾರ್ಚು ತೋರಿಸು" ಎಂದರು. ನಾನು ದಿನದಂತೆ ತೋರಿಸಿದೆ. ನಾಲ್ಕು ಕಡೆಯನ್ನೂ ಸರಿಯಾಗಿ ಹೇಳಿದರು. ಬಟ್ಟೆ ಬಿಚ್ಚಿ, "ನೋಡು, ನಾನೂ ಪಾಸು. ಆ ಟಕ್ ಸದ್ದು ದಿನಾ ನನ್ನ ಕಿವಿಗೂ ಬೀಳ್ತಿತ್ತು. ತಪ್ಪು ಇಬ್ಬರದೂ" ಎಂದರು. ಬೈಗುಳ ಅಷ್ಟೇ.

ಅಂದಿನಿಂದ ನಾವು ಕ್ರಮ ಬದಲಾಯಿಸಿದೆವು. ಟಾರ್ಚು ಮೊದಲೇ ಹತ್ತಿಸಿಕೊಂಡು ಅದರ ಬಾಯಿಗೆ ಅಂಗೈ ಮುಚ್ಚುವುದು. ತೋರಿಸಬೇಕಾದಾಗ ಅಂಗೈ ಸರಿಸುವುದು. ಸೀರೆಯ ನೆರಿಗೆ ಸರಸರ ಎನ್ನದಂತೆ ಎತ್ತಿ ಸಿಕ್ಕಿಸುವುದು. ಉಸಿರು ಹಿಡಿಯುವುದು. ನಡುವೆ ಒಂದೆರಡು ಸಲ ಅಂಗೈ ಸರಿಸದೆಯೇ ಡಾಕ್ಟರು "ಈಗ ಯಾವ ಕಡೆ?" ಎಂದು ಕೇಳುವುದು. ಆಗಲೂ "ಬಲ್ಗಡೆ" ಎಂದವರು ಊಹೆ ಮಾಡುತ್ತಿದ್ದಾರೆ ಎಂದು ಅರ್ಥ. ಅಂಗೈ ಮುಚ್ಚಿದಾಗ ಬೆರಳ ಸಂದಿಯಲ್ಲಿ ಕೆಂಪಗೆ ಬೆಳಕು ಕಾಣುತ್ತಿತ್ತು. ಅದನ್ನು ನೋಡುವುದೇ ನನಗೊಂದು ಖುಷಿ.

ಇನ್ನೊಂದು ಮಾತು. ನಾನು ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಕುರುಡರ ಮುಖ ನೋಡಲೂ ನನಗೆ ಸಂಕೋಚ. ತಲೆ ತಗ್ಗಿಸಿದರೆ ಕಣ್ಣಿಗೆ ಬೀಳುವುದು ಅವರ ಮಡಿಲಲ್ಲಿಟ್ಟ ಕೈಗಳು. ಅದರಿಂದ ಒಬ್ಬರಿಗೆ ನೋಟ ಬಂತು. ಆ ಕತೆ ಹೇಳುತ್ತೇನೆ.

ಕೆ.ಆರ್. ಪೇಟೆಯ ಕ್ಯಾಂಪಿಗೆ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಕಾಣದವರು ಬಂದರು. ಜವರೇಗೌಡ, ನಿಂಗಮ್ಮ. ಹತ್ತಿರದ ಹಳ್ಳಿಯವರು. ನೆಂಟರೊಬ್ಬರು ಗಾಡಿಯಲ್ಲಿ ತಂದು ಬಿಟ್ಟು ಹೋಗಿದ್ದರು. ಒಂದೇ ಕೋಲಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಇವರ ಕೈಯಲ್ಲಿ.

"ಯಾರು ಯಾರನ್ನ ಕರ್ಕೊಂಡು ಬಂದ್ರಿ?" ಎಂದು ಗ್ರೇಸಮ್ಮ ಸಿಸ್ಟರು ಕೇಳಿದರು.

"ಅದೇ ಜಗ್ಳ ಕಣವ್ವ. ಅವ್ಳು ನಾನ್ ಮುಂದೆ ಅಂತಾಳೆ, ನಾನು ನಾನ್ ಮುಂದೆ ಅಂತೀನಿ. ನೋಡ್ದೋರ್ ಯಾರಿದ್ದಾರು?" ಎಂದರು ಜವರೇಗೌಡ.

ಮೊದಲು ಅವರನ್ನೇ ಕೂರಿಸಿದೆವು. ಅಂಗೈ ಸರಿಸಿದೆ, ಮುಚ್ಚಿದೆ, ಸರಿಸಿದೆ. ಯಾವ ಕಡೆಯಿಂದಲೂ ಅವರಿಗೆ ಬೆಳಕು ಗೊತ್ತಾಗಲಿಲ್ಲ. ಡಾಕ್ಟರು ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತಿ ನೋಡಿದರು. ಕಣ್ಣುಗುಡ್ಡೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎರಡು ಕಣ್ಣೂ ಹಾಗೆಯೇ. "ಗೌಡ್ರೇ, ಇದು ಪೊರೆ ಅಲ್ಲ. ಒಳಗೆ ಒತ್ತಡ ಏರಿ ನರ ಹೋಗಿಬಿಟ್ಟಿದೆ. ನಾನೇನೂ ಮಾಡಕ್ಕಾಗಲ್ಲ" ಎಂದು ಅವರ ಭುಜದ ಮೇಲೆ ಕೈಯಿಟ್ಟು ಹೇಳಿದರು.

ಜವರೇಗೌಡರು ಸ್ಟೂಲು ತಡವಿಕೊಂಡು ಎದ್ದರು. ಆಮೇಲೆ, "ಸರಿ ಬುಡಿ ಬುದ್ದಿ. ಅವ್ಳದ್ ನೋಡಿ" ಎಂದರು.

ನಿಂಗಮ್ಮ ಪಕ್ಕದ ಬೆಂಚಿನಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸ್ಟೂಲಿಗೆ ಬಂದರು. ಅವರ ಕಣ್ಣಿನಲ್ಲಿ ಪೊರೆ ಹಣ್ಣಾಗಿ, ಮಜ್ಜಿಗೆಯ ಹನಿ ಇಟ್ಟಂತೆ ಬೆಳ್ಳಗಿತ್ತು. ಗುಡ್ಡೆ ಮೆತ್ತಗಿತ್ತು. ಇಂಥ ಕಣ್ಣು ಕಂಡರೆ ಡಾಕ್ಟರಿಗೆ ಹುರುಪು.

"ಬೆಳಕು ಯಾವ ಕಡೆಯಿಂದ ಬಂತಮ್ಮ?"

"ಬರ್ನಿಲ್ಲ."

"ಈಗ?"

"ಇಲ್ಲ."

ನಾಲ್ಕು ಕಡೆ, ಎರಡು ಕಣ್ಣು. ಎಲ್ಲಕ್ಕೂ ಇಲ್ಲ. ಡಾಕ್ಟರಿಗೆ ಆಶ್ಚರ್ಯ. ಪೊರೆಯ ಹಿಂದೆ ಏನು ಕೆಟ್ಟಿದೆಯೋ ಕಾಣದು, ರೋಗಿ ಇಲ್ಲ ಎಂದ ಮೇಲೆ ಕೊಯ್ಯುವಂತಿಲ್ಲ. ಚನ್ನೇಗೌಡರ ನೆನಪು ಅವರಿಗೂ ಇತ್ತು. ಚೀಟಿಯಲ್ಲಿ ಅಡ್ಡಗೆರೆ ಎಳೆದು ಮುಂದಿನವರನ್ನು ಕರೆಯಲು ಹೇಳಿದರು.

ನಾನು ಮಾತ್ರ ತಗ್ಗಿಸಿದ ತಲೆ ಎತ್ತದೆ ನಿಂತಿದ್ದೆ. ಬಾಗಿಲ ಸಂದಿಯ ಮಬ್ಬು ಬೆಳಕಿನಲ್ಲಿ ನಿಂಗಮ್ಮನ ಕೈಗಳು ಮಡಿಲಲ್ಲಿ ಕಾಣುತ್ತಿದ್ದವು. ಇಲ್ಲ ಎಂದು ಬಾಯಿ ಹೇಳುವಾಗ ಆ ಕೈಗಳು ಅಲುಗಿದ್ದವು. ಮತ್ತೆ ನೋಡೋಣ ಎಂದು, ಯಾರೂ ಕೇಳದಿದ್ದರೂ, ಅವರ ಎಡಗಡೆಯಿಂದ ಅಂಗೈ ಸರಿಸಿದೆ. ಎರಡು ಕೈಯೂ ಮಡಿಲಲ್ಲೇ ಒಂದಕ್ಕೊಂದು ಸೇರಿ, ಎಡಕ್ಕೆ ಚೂರು ತಿರುಗಿ, ಬೆರಳು ಬೆರಳು ಕೂಡಿದವು. ಮುಚ್ಚಿದೆ. ಬಿಟ್ಟುಕೊಂಡವು. ಬಲಗಡೆಯಿಂದ ಸರಿಸಿದೆ. ಮತ್ತೆ ಸೇರಿದವು, ಬಲಕ್ಕೆ.

ಮುಸ್ಸಂಜೆ ಯಾರಾದರೂ ದೀಪ ಹಚ್ಚಿ ತಂದರೆ ನಮ್ಮ ಕಡೆ ಕೈ ಮುಗಿಯುತ್ತೇವೆ. ಮಾತಾಡುತ್ತಿದ್ದರೂ, ಬೈದಾಡುತ್ತಿದ್ದರೂ ಕೈ ತಾನೇ ಸೇರುತ್ತದೆ. ಮೊನ್ನೆ ಕರೆಂಟು ಹೋಗಿ ಬಂದಾಗ ನಾನು ಬಲ್ಬಿಗೆ ಕೈ ಮುಗಿದೆ ಎಂದು ನೀವು ನಕ್ಕಿರಲ್ಲ, ಅದೇ. ನಿಂಗಮ್ಮನ ಬಾಯಿಗೆ ಸುಳ್ಳು ಹೇಳಲು ಬಂದಿತ್ತು, ಕೈಗೆ ಬಂದಿರಲಿಲ್ಲ.

ಅದುವರೆಗೆ ಡಾಕ್ಟರ ಎದುರು ನಾನಾಗಿ ಬಾಯಿ ತೆರೆದವಳಲ್ಲ. ಹೇಳಿದರೆ ಆ ಹೆಂಗಸಿನ ಗುಟ್ಟು ಬಯಲು. ಹೇಳದಿದ್ದರೆ ಅವರು ಎದ್ದು ಕೋಲು ಹಿಡಿದು ಹೊರಟೇಬಿಡುತ್ತಾರೆ, ಬದುಕಿರುವ ತನಕ ಕತ್ತಲೆ. ಮುಂದಿನ ರೋಗಿ ಆಗಲೇ ಬಾಗಿಲಿಗೆ ಬಂದಿದ್ದರು. "ಸಾರ್, ಕೈ ನೋಡಿ" ಎಂದೆ.

ಡಾಕ್ಟರು ನನ್ನ ಕೈ ನೋಡಿದರು. "ನನ್ದಲ್ಲ ಸಾರ್" ಎಂದೆ.

ಬಂದು ನಿಂತು ನೋಡಿದರು. ನಾನು ನಾಲ್ಕು ಕಡೆಯಿಂದಲೂ ಅಂಗೈ ಸರಿಸಿದೆ, ಒಂದು ಮಾತಿಲ್ಲದೆ. ನಾಲ್ಕು ಸಲವೂ ಕೈ ಕೂಡಿದವು. "ಗ್ಲಿಮರ್" ಎಂದರು ಡಾಕ್ಟರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಆಮೇಲೆ ಜೋರಾಗಿ, "ಯಾಕಮ್ಮ ಸುಳ್ಳು ಹೇಳಿದೆ? ನಿನಗೆ ಬೆಳಕು ಕಾಣ್ತಿದೆ" ಎಂದರು.

ನಿಂಗಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನನ್ ಕಣ್ಣು ನಂದು. ನಂಗ್ ಬ್ಯಾಡ."

"ಏನಂತೆ ಅವ್ಳ್ದು?" ಎಂದು ಜವರೇಗೌಡರು ಬೆಂಚಿನಿಂದ ಕೂಗಿದರು.

"ಇಬ್ರಿಗೂ ಕಾಣ್ದೆ ಇದ್ರೆ ಸರಿಸಮ ಇರ್ತೀವಿ" ಎಂದರು ನಿಂಗಮ್ಮ, ಅವರ ದನಿ ಬಂದ ಕಡೆ ತಿರುಗಿ. "ನಾನೊಬ್ಳೇ ಊರೆಲ್ಲ ನೋಡ್ಕಂಡು, ನಿನ್ನ ಕತ್ಲಲ್ಲಿ ಕೂರ್ಸಿ ಎಂಗೆ ಉಣ್ಲಿ?"

"ಲೇ, ಒಂದ್ ಮನ್ಗೆ ಒಂದ್ ದೀಪ ಸಾಕು ಕಣಮ್ಮಿ" ಎಂದರು ಜವರೇಗೌಡ. "ಯಾರ್ ಕೋಣೆಕೋಣೆಗೂ ದೀಪ ಅಚ್ಚಿ ಕೂತವ್ರೆ? ನಿಂಗ್ ಕಂಡ್ರೆ ಸಾರಿಗೆ ಎರಡೆರಡ್ ಸಲ ಉಪ್ಪ್ ಬೀಳೋದಾದ್ರೂ ತಪ್ತದೆ. ಈ ಪುಣ್ಯ ನಂಗೆ ಮಾಡು."

ಬಾಗಿಲಲ್ಲಿದ್ದವರೆಲ್ಲ ನಕ್ಕರು. ನಿಂಗಮ್ಮ ನಗಲಿಲ್ಲ. ಸೆರಗಿನೊಳಗಿಂದ ಕೈ ಈಚೆ ತೆಗೆದು, "ಕಟ್ಟು ಬಿಚ್ಚೋಗಂಟ ಈವಯ್ಯ ನನ್ ಪಕ್ದಲ್ಲೇ ಇರ್ಬೇಕು" ಎಂದರು. ಹೆಂಗಸರ ಕೋಣೆಯಲ್ಲಿ ಗಂಡಸರನ್ನು ಇರಿಸಿಕೊಳ್ಳುತ್ತಿರಲಿಲ್ಲ. ಗ್ರೇಸಮ್ಮ ಸಿಸ್ಟರು ಒಂದು ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿಕೊಟ್ಟರು.

ಆ ದಿನಗಳಲ್ಲಿ ನಾವು ನಕ್ಕಷ್ಟು ಯಾವ ಕ್ಯಾಂಪಿನಲ್ಲೂ ನಕ್ಕಿಲ್ಲ. ಕಟ್ಟು ಹಾಕಿಸಿಕೊಂಡು ಮಲಗಿದ ಹೆಂಡತಿಗೆ ಕಾಣದ ಗಂಡ ಗಂಜಿ ಕುಡಿಸುವುದು. "ಮೂಗಿಗ್ ಉಯ್ತಾವ್ನೆ ನೋಡವ್ವ, ಬಾಯಿ ಎಲ್ಲದೆ ಅಂತ್ಲೇ ಗೊತ್ತಿಲ್ಲ ಈವಯ್ಯಂಗೆ" ಎಂದು ನಿಂಗಮ್ಮ ದೂರು ಹೇಳುವುದು. "ಮಾತಾಡ್ತಾನೆ ಇರು, ಬಾಯಿ ಎಲ್ಲದೆ ಅಂತ ಗೊತ್ತಾಯ್ತದೆ" ಎಂದು ಅವರು ಹೇಳುವುದು. ನಕ್ಕರೆ ಕಣ್ಣಿಗೆ ಏಟು ಎಂದು ಸಿಸ್ಟರು ಬೈದು ಬೈದು ಸಾಕಾದರು. ನನಗೆ ಮಾತ್ರ ಒಳಗೆ ಅಳುಕು. ಆಪರೇಷನ್ ಕೈಕೊಟ್ಟರೆ, ಬೇಡ ಎಂದವರನ್ನು ಒಪ್ಪಿಸಿದ ಪಾಪ ನನ್ನದೇ. ಮರಳಿನ ಚೀಲ ಕಂಡಾಗಲೆಲ್ಲ ಚನ್ನೇಗೌಡರು ಕಾಣುತ್ತಿದ್ದರು. ಗಂಜಿ ತಂದುಕೊಟ್ಟು, ಅಲ್ಲಿ ನಿಲ್ಲದೆ ಬಂದುಬಿಡುತ್ತಿದ್ದೆ.

ಕಟ್ಟು ಬಿಚ್ಚುವ ದಿನ ಬಂತು. ಕಿಟಕಿಯ ಕಂಬಳಿಯನ್ನು ಅರ್ಧ ಮಾತ್ರ ಸರಿಸಿದ್ದೆವು. ಡಾಕ್ಟರು ಹತ್ತಿಯನ್ನು ಮೆಲ್ಲಗೆ ತೆಗೆದು, ನಿಂಗಮ್ಮನ ಮುಂದೆ ಮೂರು ಬೆರಳು ಹಿಡಿದರು. "ಎಷ್ಟು ಬೆರಳಮ್ಮ?"

ನಿಂಗಮ್ಮ ಬೆರಳನ್ನು ನೋಡಲೇ ಇಲ್ಲ. ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಕನ್ನಡಕವಿಲ್ಲದೆ ಆ ಕಣ್ಣಿಗೆ ಎಲ್ಲ ನೀರಿನೊಳಗಿನ ನೆರಳಿನಂತೆ ಕಾಣುವುದು ಅಷ್ಟೇ. ಅಷ್ಟರಲ್ಲೇ ಕಂಡಿತು.

"ಯಾವಾಗ್ ಬೆಳ್ಳಗಾಯ್ತು ನಿನ್ ತಲೆ?" ಎಂದರು. "ಯೋಳ್ನೇ ಇಲ್ವಲ್ಲ."

"ನಂಗೇನ್ ಗೊತ್ತು? ನಾನ್ ಕಂಡಿದ್ನಾ?" ಎಂದರು ಜವರೇಗೌಡ.

ಡಾಕ್ಟರು ಹಿಡಿದ ಮೂರು ಬೆರಳು ಹಾಗೆಯೇ ಇತ್ತು. ಇಳಿಸುವುದನ್ನು ಮರೆತಿದ್ದರು.

ಒಂದೂವರೆ ತಿಂಗಳ ಮೇಲೆ ಕನ್ನಡಕ ಕೊಡಲು ಮತ್ತೆ ಕೆ.ಆರ್. ಪೇಟೆಗೆ ಹೋದೆವು. ಆಗಿನ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡ ನಿಂಗಮ್ಮ ಗೋಡೆ, ಹೆಂಚು, ಸಿಸ್ಟರ ಟೋಪಿ, ಕರೀಂ ಸಾಬರ ಗಡ್ಡ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ನನ್ನ ಹತ್ತಿರ ಬಂದರು.

"ಕೈ ನೋಡಿ ಅಂದೋಳು ನೀನೇ ಅಲ್ವಾ?"

ಇದಕ್ಕೇ ಹೆದರಿಕೊಂಡಿದ್ದೆ. ತಲೆ ತಗ್ಗಿಸಿ ಹೌದು ಎಂದೆ.

"ಕೈ ತಾ ಇಲ್ಲಿ."

ಸೆರಗಿನೊಳಗಿದ್ದ ನನ್ನ ಎಡಗೈಯನ್ನು ಅವರೇ ಈಚೆ ಎಳೆದರು. ಆ ದಪ್ಪ ಗಾಜನ್ನು ಹತ್ತಿರ ತಂದು ಮಣಿಕಟ್ಟನ್ನು ನೋಡಿದರು. ತಮ್ಮ ಕೈಯಿಂದ ಒಂದು ಹಸಿರು ಗಾಜಿನ ಬಳೆಯನ್ನು, ಹೆಬ್ಬೆರಳ ಬುಡ ಒತ್ತಿ ಒತ್ತಿ, ಒಡೆಯದಂತೆ ಬಿಡಿಸತೊಡಗಿದರು. ಅವರು ಏನು ಮಾಡುತ್ತಿದ್ದಾರೆಂದು ಗೊತ್ತಾಗಿ ಕೈ ಎಳೆದುಕೊಳ್ಳಲು ನೋಡಿದೆ. ಮುತ್ತೈದೆ ತನ್ನ ಕೈಯ ಬಳೆ ಬಿಚ್ಚಿ ನನ್ನಂಥವಳಿಗೆ ತೊಡಿಸುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. "ಬ್ಯಾಡವ್ವ, ನಾನ್ ಆಕಬಾರ್ದು" ಎಂದೆ. ಕೇಳಲಿಲ್ಲ. "ಟಾರ್ಚು ಇಡಿಯೋ ಕೈ, ಸದ್ದಾಗಬಾರ್ದು" ಎಂದೆ.

"ಒಂದೇ ಬಳೆ ಯಾವ್ದುಕ್ ತಗಲಿ ಸದ್ದು ಮಾಡ್ತದೆ?" ಎಂದು ತೊಡಿಸಿಯೇಬಿಟ್ಟರು.

"ಆಕ್ಕೊ ಮಗ," ಎಂದರು ಜವರೇಗೌಡ, ಕೋಲಿನ ಹಿಂದಿನ ತುದಿ ಹಿಡಿದು ನಿಂತವರು. "ಕಣ್ಣಿರೋಳು ಯೋಳ್ದಂಗ್ ಕೇಳ್ಬೇಕು. ಈಗ ಅವ್ಳೇ ಮುಂದೆ, ನಾನೇ ಹಿಂದೆ. ಆ ಜಗ್ಳ ಮುಗೀತು."

ಆ ಕೈಯಲ್ಲೇ ಮತ್ತೆ ಟಾರ್ಚು ಹಿಡಿದೆ. ನಿಜ, ಸದ್ದಾಗಲಿಲ್ಲ.

ಗಂಜಾಂಗೆ ವಾಪಸು ಬಂದಾಗ ಮಧ್ಯಾಹ್ನ. ಅವ್ವ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಸತ್ತ ಹನ್ನೊಂದನೇ ದಿನ ನನ್ನ ಬಳೆ ಒಡೆಸಿದಾಗ ಎದುರಿಗಿದ್ದವಳು ಅವಳು. ನಾನು ಕೈ ಮುಚ್ಚಿಕೊಳ್ಳಲು ಮರೆತು ಚೀಲ ಇಳಿಸಿದೆ. ಅವ್ವನ ಕೈ ನಿಂತಿತು. ಜಾರಿದ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡು ಆಪರೇಷನ್ ಆದ ಕಣ್ಣಿನಿಂದ ಇನ್ನೊಮ್ಮೆ ನೋಡಿದಳು.

"ಸದ್ದು ಮಾಡ್ತದಾ?" ಎಂದಳು.

"ಇಲ್ಲ ಕಣವ್ವ."

"ಅಂಗಾರೆ ಇರ್ಲಿ ಬುಡು" ಎಂದು ಅವರೆಕಾಯಿ ಸುಲಿಯತೊಡಗಿದಳು.